ಗ್ರಹಣ ಯಾರ ತಪ್ಪಿಗೆ? ಹಾನ್ ಆಸ್ಥಾನದ ಉತ್ಪಾತ ದಾಖಲೆಗಳನ್ನು ಓದುವ ಕ್ರಮ

ಎರಡನೆಯ ವರ್ಷ, ಹನ್ನೊಂದನೆಯ ತಿಂಗಳು, ಗುಯಿಮಾವ್ ದಿನ, ತಿಂಗಳ ಕೊನೆಯ ದಿನ, ಸೂರ್ಯಗ್ರಹಣ, ವುನ್ಯು ನಕ್ಷತ್ರದ ಒಂದನೆಯ ಡುವಿನಲ್ಲಿ (ಡು ಎಂದರೆ ಆಕಾಶದ ಅಳತೆ, ಸುಮಾರು ಒಂದು ಡಿಗ್ರಿ). ಚೀನಾದ ಹಾನ್ ವಂಶದ ಅಧಿಕೃತ ಇತಿಹಾಸ ‘ಹಾನ್ ಶು’ವಿನಲ್ಲಿ ವೆನ್ ಚಕ್ರವರ್ತಿಯ ಕಾಲದ ಒಂದು ನಮೂದು ಇಷ್ಟೇ. ಆದರೆ ಈ ಒಂದು ಸಾಲಿನ ಬೆನ್ನಿಗೆ ಒಂದು ರಾಜಾಜ್ಞೆ ಹೊರಟಿತು, ಒಂದು ಕಾವಲು ಪಡೆ ವಿಸರ್ಜನೆಯಾಯಿತು, ರಾಜನ ಲಾಯದ ಕುದುರೆಗಳು ಅಂಚೆ ಠಾಣೆಗಳಿಗೆ ಹೋದವು.

ಇಂಥ ನೂರಾರು ನಮೂದುಗಳು ಚೀನಾದ ವಂಶಚರಿತ್ರೆಗಳಲ್ಲಿವೆ. ಇವನ್ನು ಓದುವವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಎಲ್ಲವನ್ನೂ ಮೂಢನಂಬಿಕೆ ಎಂದು ದಾಟಿಬಿಡುತ್ತಾರೆ. ಇನ್ನು ಕೆಲವರು ಪುಸ್ತಕದಲ್ಲಿದೆ ಅಂದಮೇಲೆ ಆಕಾಶದಲ್ಲಿ ಆಗಿಯೇ ಇತ್ತು ಎಂದು ನಂಬುತ್ತಾರೆ. ಉತ್ಪಾತದ ನಮೂದು ಖಗೋಳದ ವರದಿಯೂ ಹೌದು, ಆಸ್ಥಾನದ ಕಾಗದವೂ ಹೌದು. ಆದ್ದರಿಂದ ಮೊದಲು ಆಕಾಶವನ್ನು ಪರೀಕ್ಷಿಸಿ, ಆಮೇಲೆ ಆಸ್ಥಾನಕ್ಕೆ ಹೋಗಿ. ಈ ಕ್ರಮ ತಿರುಗುಮುರುಗಾದರೆ ಕಥೆ ಚೆನ್ನಾಗಿರುತ್ತದೆ, ತೀರ್ಮಾನ ಮಾತ್ರ ತಪ್ಪಾಗಿರುತ್ತದೆ.

ಕೈಗೆ ಬೇಕಾದದ್ದು ಹೆಚ್ಚೇನಿಲ್ಲ: ಗ್ರಂಥದ ಪಠ್ಯ ಅಥವಾ ನಂಬಬಹುದಾದ ಅನುವಾದ, ಸ್ಟೆಲೇರಿಯಂನಂಥ ಉಚಿತ ತಾರಾಲಯ ತಂತ್ರಾಂಶ, ನಾಸಾದ ಗ್ರಹಣ ಪಟ್ಟಿ (ಐದು ಸಾವಿರ ವರ್ಷಗಳದ್ದು), ಒಂದು ಕ್ಯಾಲ್ಕುಲೇಟರ್, ಒಂದು ನೋಟ್‌ಬುಕ್ಕು.

ಹಿನ್ನೆಲೆ, ಬೇಕಾದಷ್ಟು ಮಾತ್ರ

ದೊರೆ ‘ಆಕಾಶದ ಮಗ’. ಆಕಾಶ ಕೊಟ್ಟ ಅಪ್ಪಣೆಯ ಮೇಲೆ ಆಳುವವನು. ಆಳ್ವಿಕೆ ಕೆಟ್ಟರೆ ಆ ಅಪ್ಪಣೆ ಹಿಂದಕ್ಕೆ ಹೋಗುತ್ತದೆ. ಹಾನ್ ವು ಚಕ್ರವರ್ತಿಯ ಕಾಲದ ಕನ್ಫ್ಯೂಷಿಯನ್ ಪಂಡಿತ ಡಾಂಗ್ ಜೊಂಗ್‌ಷು ಇದಕ್ಕೆ ಮೂರು ಮೆಟ್ಟಿಲು ಕಟ್ಟಿದ. ರಾಜ್ಯ ದಾರಿ ತಪ್ಪತೊಡಗಿದಾಗ ಆಕಾಶ ವಿಪತ್ತುಗಳನ್ನು ಕಳಿಸಿ ಗದರುತ್ತದೆ. ದೊರೆ ತನ್ನನ್ನು ತಾನು ನೋಡಿಕೊಳ್ಳದಿದ್ದರೆ ವಿಪರೀತಗಳನ್ನು ತೋರಿಸಿ ಹೆದರಿಸುತ್ತದೆ. ಆಗಲೂ ಬದಲಾಗದಿದ್ದರೆ ನಾಶ. ಸೂರ್ಯ ಎಂದರೆ ಯಾಂಗ್, ಬೆಳಕಿನ ಮತ್ತು ಗಂಡಿನ ತತ್ತ್ವ, ದೊರೆ. ಸೂರ್ಯನನ್ನು ಮುಚ್ಚುವ ಚಂದ್ರ ಯಿನ್, ಕತ್ತಲಿನ ಮತ್ತು ಹೆಣ್ಣಿನ ತತ್ತ್ವ: ರಾಣಿ, ರಾಣಿಯ ತವರಿನವರು, ಮಂತ್ರಿಗಳು, ಗಡಿಯಾಚೆಯವರು. ಗ್ರಹಣ ಹಿಡಿದಾಗ ಆಸ್ಥಾನ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಪಟ್ಟಿಯಲ್ಲಿ ಯಾರು?

ನಿರಂಕುಶ ದೊರೆಯ ಮುಂದೆ ಅಧಿಕಾರಿಯೊಬ್ಬ ಬಾಯಿಬಿಟ್ಟು ಟೀಕಿಸಲು ಇದ್ದ ಕೆಲವೇ ದಾರಿಗಳಲ್ಲಿ ಇದೊಂದು. ‘ನಾನಲ್ಲ ಹೇಳುತ್ತಿರುವುದು, ಆಕಾಶ’ ಎನ್ನಬಹುದಿತ್ತು. ಹಾಗಂತ ಅದು ಸುರಕ್ಷಿತ ದಾರಿಯೂ ಆಗಿರಲಿಲ್ಲ. ಕ್ರಿ.ಪೂ. 135ರಲ್ಲಿ ವಂಶಸ್ಥಾಪಕನ ಗುಡಿಗೆ ಬೆಂಕಿ ಬಿದ್ದಾಗ ಡಾಂಗ್ ಅದರ ಅರ್ಥವನ್ನು ಕರಡಾಗಿ ಬರೆದಿಟ್ಟಿದ್ದ. ಅದನ್ನು ಒಬ್ಬ ಕದ್ದು ದೊರೆಗೆ ಕೊಟ್ಟ. ಬರೆದವರು ಯಾರೆಂದು ತಿಳಿಯದ ಡಾಂಗ್‌ನ ಸ್ವಂತ ಶಿಷ್ಯನೇ ಅದನ್ನು ‘ತೀರಾ ಮೂರ್ಖತನ’ ಎಂದುಬಿಟ್ಟ. ಡಾಂಗ್‌ಗೆ ಮರಣದಂಡನೆಯಾಗಿ, ಕ್ಷಮೆಯಿಂದ ಜೀವ ಉಳಿಯಿತು. ಮತ್ತೆಂದೂ ಅವನು ಉತ್ಪಾತಗಳ ಬಗ್ಗೆ ಮಾತಾಡುವ ಧೈರ್ಯ ಮಾಡಲಿಲ್ಲ.

ಒಂದೇ ಘಟನೆಯನ್ನು ಮೂರು ಕಡೆ ಹುಡುಕಿ

‘ಹಾನ್ ಶು’ವಿನಲ್ಲಿ ನೂರು ಅಧ್ಯಾಯಗಳಿವೆ. ಒಂದು ಗ್ರಹಣ ಅದರಲ್ಲಿ ಮೂರು ಜಾಗದಲ್ಲಿ ಸಿಗುತ್ತದೆ. ದೊರೆಗಳ ವರ್ಷಾನುವರ್ಷದ ವೃತ್ತಾಂತದಲ್ಲಿ ದಿನಾಂಕ ಮತ್ತು ರಾಜಾಜ್ಞೆ ಇರುತ್ತದೆ. 26 ಮತ್ತು 27ನೆಯ ಅಧ್ಯಾಯಗಳಲ್ಲಿ, ಅಂದರೆ ಖಗೋಳ ಮತ್ತು ಪಂಚತತ್ತ್ವಗಳ ಪ್ರಕರಣಗಳಲ್ಲಿ, ಸ್ಥಾನ ಮತ್ತು ಫಲ ಇರುತ್ತದೆ. ವ್ಯಕ್ತಿಚರಿತ್ರೆಗಳಲ್ಲಿ ಯಾರು ಏನು ಹೇಳಿದರು ಎಂಬುದಿರುತ್ತದೆ. 27ನೆಯ ಅಧ್ಯಾಯ ಒಂದನ್ನೇ ಓದಿ ನಿಲ್ಲಿಸುವುದು ಅತಿ ಸಾಮಾನ್ಯ ತಪ್ಪು. ಅಲ್ಲಿ ಫಲ ಬರೆದವರಲ್ಲಿ ಹಲವರು ಘಟನೆ ಮುಗಿದ ಎಷ್ಟೋ ಕಾಲದ ಮೇಲೆ ಬರೆದವರು. ‘ಆ ಬಳಿಕ ಇಂಥವನು ದಂಗೆಯೆದ್ದ’ ಎಂಬಂಥ ಮಾತು ಕಂಡರೆ ಅದು ಭವಿಷ್ಯವಾಣಿ ಆಗಿರಲಾರದು, ಹಿಂದಿರುಗಿ ನೋಡಿ ಹೊಲಿದ ಜೋಡಣೆ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಪ್ರತಿ ನಮೂದಿಗೂ ನಾಲ್ಕು ದಿನಾಂಕಗಳಿಗೆ ಜಾಗ ಬಿಡಿ: ಆಕಾಶದಲ್ಲಿ ಆದ ದಿನ, ದೊರೆಗೆ ವರದಿಯಾದ ದಿನ, ಯಾರೋ ಅರ್ಥ ಹೇಳಿದ ದಿನ, ಕ್ರಮ ಕೈಗೊಂಡ ದಿನ. ನಾಲ್ಕೂ ಸಿಗುವುದು ಅಪರೂಪ. ಸಿಗದ ಜಾಗವನ್ನು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ.

ದಿನಾಂಕವನ್ನು ಬಿಡಿಸುವುದು

ಮೇಲಿನ ನಮೂದನ್ನೇ ತೆಗೆದುಕೊಳ್ಳೋಣ. ವೆನ್‌ನ ಎರಡನೆಯ ವರ್ಷವನ್ನು ಕೈಪಿಡಿಗಳು ಕ್ರಿ.ಪೂ. 178 ಎನ್ನುತ್ತವೆ. ಹನ್ನೊಂದನೆಯ ತಿಂಗಳಲ್ಲವೇ, ವರ್ಷದ ಕೊನೆಯಲ್ಲಿ ಹುಡುಕೋಣ ಎಂದು ಹೊರಟರೆ ಒಂದಿಡೀ ವರ್ಷ ತಪ್ಪುತ್ತದೆ. ಕ್ರಿ.ಪೂ. 104ರ ಪಂಚಾಂಗ ಸುಧಾರಣೆಯವರೆಗೆ ಹಾನ್ ವರ್ಷ ಶುರುವಾಗುತ್ತಿದ್ದದ್ದು ಹತ್ತನೆಯ ತಿಂಗಳಿಂದ. ಅಂದರೆ ಹನ್ನೊಂದನೆಯದು ವರ್ಷದ ಎರಡನೆಯ ತಿಂಗಳು, ನಮ್ಮ ಎಣಿಕೆಯಲ್ಲಿ ಡಿಸೆಂಬರ್–ಜನವರಿ.

ಇನ್ನು ‘ಗುಯಿಮಾವ್’. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರ ನಮಗೆ ಗೊತ್ತು. ಚೀನೀಯರು ದಿನಗಳಿಗೂ ಅರವತ್ತು ಹೆಸರಿಟ್ಟು ಎಣಿಸುತ್ತಾರೆ. ಮೊದಲನೆಯದು ಜಿಯಾಜಿ, ನಲವತ್ತನೆಯದು ಗುಯಿಮಾವ್. ತಿಂಗಳು, ವರ್ಷ, ರಾಜವಂಶ ಬದಲಾದರೂ ಈ ಎಣಿಕೆ ಮಾತ್ರ ಸಾಗುತ್ತಲೇ ಇರುತ್ತದೆ. ಆದ್ದರಿಂದ ನಮೂದಿನಲ್ಲಿ ಅತಿ ಗಟ್ಟಿಯಾದ ಭಾಗ ಇದೇ.

ಪರೀಕ್ಷಿಸುವ ಸೂತ್ರ ಸರಳ. ಜೂಲಿಯನ್ ದಿನಸಂಖ್ಯೆಯನ್ನು ತೆಗೆದುಕೊಳ್ಳಿ. ನಮ್ಮ ಪಂಚಾಂಗದವರ ಅಹರ್ಗಣದಂಥದೇ ಲೆಕ್ಕ ಅದು. ಅದರಿಂದ 11 ಕಳೆಯಿರಿ, 60ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿ. ಗ್ರಹಣ ಪಟ್ಟಿಯಲ್ಲಿ ಕ್ರಿ.ಪೂ. 178ರ ಜನವರಿ 2ರಂದು ಒಂದು ಸೂರ್ಯಗ್ರಹಣವಿದೆ. ಆ ದಿನದ ಸಂಖ್ಯೆ 1656410. ಹನ್ನೊಂದು ಕಳೆದರೆ 1656399. ಅರವತ್ತರಿಂದ ಭಾಗಿಸಿದರೆ ಶೇಷ 39. ಒಂದು ಕೂಡಿಸಿದರೆ 40, ಗುಯಿಮಾವ್. ನಮೂದು ನಿಜ.

ಇಲ್ಲಿ ಕಾಲು ಜಾರುವ ಜಾಗ ಎರಡು. ತಂತ್ರಾಂಶಗಳು ಸೊನ್ನೆಯ ವರ್ಷವನ್ನು ಎಣಿಸುತ್ತವೆ, ಇತಿಹಾಸಕಾರರು ಎಣಿಸುವುದಿಲ್ಲ; ಹಾಗಾಗಿ ಕ್ರಿ.ಪೂ. 178 ಬೇಕೆಂದರೆ −177 ಎಂದು ಹಾಕಬೇಕು. ಎರಡನೆಯದು, ದಿನಾಂಕ ಜೂಲಿಯನ್ ಕ್ಯಾಲೆಂಡರಿನದೇ ಎಂದು ಖಚಿತಪಡಿಸಿಕೊಳ್ಳಿ. ಗ್ರೆಗೋರಿಯನ್ ಹಾಕಿದರೆ ಕೆಲವು ದಿನಗಳ ವ್ಯತ್ಯಾಸ ಬಂದು ಅರವತ್ತರ ಚಕ್ರ ಹೊಂದುವುದಿಲ್ಲ.

ಹಾನ್ ಕಾಲದ ಇತಿಹಾಸಕಾರ ಸಿಮಾ ಚಿಯಾನ್‌ನ ಗ್ರಂಥ ‘ಷಿಜಿ’ಯಲ್ಲಿ ಇದೇ ಗ್ರಹಣದ ಮುಂದೆ ಇನ್ನೊಂದು ಸಾಲಿದೆ: ಹನ್ನೆರಡನೆಯ ತಿಂಗಳ ಹುಣ್ಣಿಮೆಯಂದು ಮತ್ತೆ ಸೂರ್ಯಗ್ರಹಣ. ಹುಣ್ಣಿಮೆಯ ದಿನ ಸೂರ್ಯಗ್ರಹಣ ಹೇಗಾದೀತು? ಹಳೆಯ ವ್ಯಾಖ್ಯಾನಕಾರ ಷು ಗುವಾಂಗ್ ಇದನ್ನು ಗಮನಿಸಿ, ಒಂದು ಪ್ರತಿಯಲ್ಲಿ ‘ಚಂದ್ರಗ್ರಹಣ’ ಎಂದಿದೆ ಎಂದು ಟಿಪ್ಪಣಿ ಬರೆದಿದ್ದಾನೆ. ಲಿಪಿಕಾರನ ಕೈತಪ್ಪನ್ನು ರಾಜಕೀಯ ಸಂಚು ಎಂದು ಓದಬೇಡಿ. ಮೊದಲು ವ್ಯಾಖ್ಯಾನ ನೋಡಿ.

‘ತಿಂಗಳ ಕೊನೆಯ ದಿನ’: ಕನ್ನಡಿಗರು ಇಲ್ಲಿ ನಿಲ್ಲಬೇಕು

ನಮ್ಮ ಚಾಂದ್ರಮಾನದಲ್ಲಿ ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಸೂರ್ಯಗ್ರಹಣ ತಿಂಗಳ ಕೊನೆಗೆ ಬಂದರೆ ನಮಗೆ ಅದು ಸಹಜ. ಚೀನೀ ಪಂಚಾಂಗದಲ್ಲಿ ಸೂರ್ಯಚಂದ್ರರು ಕೂಡುವ ದಿನವೇ ತಿಂಗಳ ಮೊದಲ ದಿನ. ಗ್ರಹಣ ಬೀಳಬೇಕಾದದ್ದು ಅಂದು. ಕೊನೆಯ ದಿನ ಬಿತ್ತೆಂದರೆ ಪಂಚಾಂಗ ಒಂದು ದಿನ ಹಿಂದೆ ಬಿದ್ದಿದೆ ಎಂದರ್ಥ.

‘ಹಾನ್ ಶು’ ತಾನೇ ಲೆಕ್ಕ ಕೊಡುತ್ತದೆ: 212 ವರ್ಷಗಳಲ್ಲಿ 53 ಸೂರ್ಯಗ್ರಹಣ, ಅದರಲ್ಲಿ ಮೊದಲ ದಿನ 14, ಕೊನೆಯ ದಿನ 36, ಕೊನೆಯ ದಿನಕ್ಕಿಂತ ಒಂದು ದಿನ ಮೊದಲು 3. ಅಂದರೆ ನಾಲ್ಕರಲ್ಲಿ ಮೂರು ಸಲ ಪಂಚಾಂಗ ತಪ್ಪಿತ್ತು. ಕಾರಣ ಎರಡು. ಆ ಕಾಲದ ಲೆಕ್ಕ ಚಂದ್ರನ ಸರಾಸರಿ ಗತಿಯನ್ನು ಮಾತ್ರ ಹಿಡಿಯುತ್ತಿತ್ತು, ಚಂದ್ರನಾದರೋ ಒಮ್ಮೆ ವೇಗ, ಒಮ್ಮೆ ನಿಧಾನ. ಸಾಲದ್ದಕ್ಕೆ ಆ ಸರಾಸರಿಯೂ ಕೊಂಚ ಉದ್ದ. ಕ್ರಿ.ಪೂ. 104ರ ಸುಧಾರಣೆ ಹಿಡಿದ ತಿಂಗಳು 29 ದಿನ ಮತ್ತು 81ರಲ್ಲಿ 43 ಭಾಗ, ಅಂದರೆ 29.53086 ದಿನ. ನಿಜವಾದದ್ದು 29.53059. ಈ ಚೂರು ಸೇರಿ ಸೇರಿ ಸುಮಾರು ಮುನ್ನೂರು ವರ್ಷಕ್ಕೆ ಒಂದು ದಿನವಾಗುತ್ತದೆ.

ರಾಜಕೀಯಕ್ಕೂ ಇದಕ್ಕೂ ಸಂಬಂಧವಿದೆ. ಮುಂಚಿತವಾಗಿ ಹೇಳಲಾಗದ್ದು ಮಾತ್ರ ಆಕಾಶದ ಗದರಿಕೆಯಾಗಬಲ್ಲದು. ಮುಂದಿನ ಶತಮಾನಗಳಲ್ಲಿ ಲೆಕ್ಕ ಸುಧಾರಿಸಿ ಗ್ರಹಣ ಮೊದಲೇ ತಿಳಿಯತೊಡಗಿದಾಗ ಅದರ ಹೆದರಿಕೆ ತಗ್ಗಿತು. ಹೇಳಿದ ಗ್ರಹಣ ಕಾಣದೆ ಹೋದರೆ ದೊರೆಯ ಸದ್ಗುಣದಿಂದ ತಪ್ಪಿತೆಂದು ಅಧಿಕಾರಿಗಳು ಅಭಿನಂದಿಸುವ ರೂಢಿಯೂ ಬಂತು. ಹಾಗಾಗಿ ಶತಮಾನಗಳ ನಂತರದ ಟಾಂಗ್ ವಂಶದ ಕಾಲದ ನಮೂದನ್ನು ಹಾನ್ ಕಾಲದ ತೂಕದಲ್ಲಿ ಅಳೆಯಬೇಡಿ.

ತಂತ್ರಾಂಶದಲ್ಲಿ ನೋಡುವಾಗ

ಸ್ಥಳವನ್ನು ಹಾನ್ ರಾಜಧಾನಿ ಚಾಂಗ್‌ಆನ್‌ಗೆ ಇಡಿ: ಉತ್ತರ 34.3, ಪೂರ್ವ 108.9 ಡಿಗ್ರಿ. ಕ್ರಿ.ಶ. 25ರ ನಂತರದ ಹಾನ್ ಆದರೆ ಲುವೊಯಾಂಗ್: 34.7, 112.6. ಭೂಮಿಯ ತಿರುಗುವಿಕೆ ನಿಧಾನವಾಗುತ್ತಾ ಬಂದಿರುವುದರಿಂದ ಗಡಿಯಾರದ ತಿದ್ದುಪಡಿ ಬೇಕು. ಕ್ರಿ.ಪೂ. ಎರಡನೆಯ ಶತಮಾನಕ್ಕೆ ಅದು ಸುಮಾರು ಮೂರೂವರೆ ಗಂಟೆ. ಈ ತಿದ್ದುಪಡಿ ಇಲ್ಲದ ತಂತ್ರಾಂಶ ಗ್ರಹಣದ ಹಾದಿಯನ್ನು ಭೂಮಿಯ ಮೇಲೆ ಐವತ್ತಕ್ಕೂ ಹೆಚ್ಚು ಡಿಗ್ರಿ ಸರಿಸಿಬಿಡುತ್ತದೆ. ಚೀನಾದಲ್ಲಿ ಕಂಡದ್ದನ್ನು ಬೇರೆಲ್ಲೋ ತೋರಿಸುತ್ತದೆ.

ರಾಜಧಾನಿಯಲ್ಲಿ ಗ್ರಹಣ ಕಾಣಿಸದಿದ್ದರೆ ಕೂಡಲೇ ‘ಸುಳ್ಳು ದಾಖಲೆ’ ಎನ್ನಬೇಡಿ. ನಂತರದ ಹಾನ್ ದಾಖಲೆಗಳಲ್ಲಿ ‘ಇತಿಹಾಸಾಧಿಕಾರಿಗಳಿಗೆ ಕಾಣಲಿಲ್ಲ, ಲಿಯಾವ್‌ಡಾಂಗ್‌ನಿಂದ ವರದಿ ಬಂತು’ ಎಂಬ ಬಗೆಯ ಮಾತು ಸಿಗುತ್ತದೆ. ಈಶಾನ್ಯದ ಗಡಿಯಲ್ಲಿ ಕಂಡದ್ದು ರಾಜಧಾನಿಯಲ್ಲಿ ಮೋಡದಿಂದಲೋ ದೂರದಿಂದಲೋ ಕಾಣದಿರಬಹುದು. ಗಡಿಯ ಊರಿನಿಂದಲೂ ಒಮ್ಮೆ ಆಕಾಶ ನೋಡಿ. ಅಲ್ಲೂ ಇಲ್ಲವಾದರೆ ಒಂದು ತಿಂಗಳು ಹಿಂದೆಮುಂದೆ ನೋಡಿ, ಅರವತ್ತರ ಚಕ್ರದಲ್ಲಿ ಒಂದಕ್ಷರ ಬದಲಿಸಿ ನೋಡಿ. ಇಷ್ಟೆಲ್ಲ ಆದಮೇಲೂ ಹೊಂದದಿದ್ದರೆ ಮಾತ್ರ ಅನುಮಾನದ ಗುರುತು ಹಾಕಿ.

ಸ್ಥಾನಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವರ 28 ಚಾಂದ್ರಸ್ಥಾನಗಳಲ್ಲಿ ಕೆಲವು ನಮಗೆ ಪರಿಚಿತ: ಜಿಯಾವ್ ಶುರುವಾಗುವುದು ನಮ್ಮ ಚಿತ್ತಾ ತಾರೆಯಿಂದ, ಮಾವ್ ಕೃತ್ತಿಕೆ, ಬಿ ಎಂದರೆ ರೋಹಿಣಿ ಇರುವ ಗುಂಪು, ಷಿನ್ ಜ್ಯೇಷ್ಠಾ. ಆದರೆ ನಮ್ಮ ನಕ್ಷತ್ರಗಳು ಒಂದೊಂದೂ 13 ಡಿಗ್ರಿ 20 ನಿಮಿಷ. ಅವರವು ಒಂದೇ ಅಳತೆಯವಲ್ಲ. ಜಿಂಗ್ 33 ಡು ಅಗಲ, ಜುಯಿ ಬರೀ 2. ಒಂದು ಡು ಎಂದರೆ ವೃತ್ತದ 365.25ರಲ್ಲಿ ಒಂದು ಭಾಗ, ನಮ್ಮ ಡಿಗ್ರಿಗಿಂತ ಕೂದಲೆಳೆಯಷ್ಟು ಕಡಿಮೆ. ಪಂಚಾಂಗದ ನಕ್ಷತ್ರವನ್ನು ನೇರವಾಗಿ ಇಟ್ಟು ಅಳೆಯಬೇಡಿ. ಸ್ಟೆಲೇರಿಯಂನಲ್ಲಿ ಚೀನೀ ಆಕಾಶವನ್ನು ಆರಿಸಿಕೊಳ್ಳಿ.

ಪ್ರತಿ ಸ್ಥಾನಕ್ಕೂ ಭೂಮಿಯ ಮೇಲೆ ಒಂದು ನಾಡು ಹಂಚಿಕೆಯಾಗಿದೆ: ಷಿನ್‌ಗೆ ಸಾಂಗ್, ಜಿಂಗ್‌ಗೆ ಚಿನ್, ಮಾವ್ ಮತ್ತು ಬಿ ಜಾವ್‌ಗೆ, ಯಿ ಮತ್ತು ಜೆನ್ ಚು ನಾಡಿಗೆ. ಆಪಾದನೆ ಯಾವ ದಿಕ್ಕಿಗೆ ತಿರುಗಿತು ಎಂಬುದು ಎಷ್ಟೋ ಸಲ ಈ ಹಂಚಿಕೆಯಿಂದಲೇ ಗೊತ್ತಾಗುತ್ತದೆ.

ಗ್ರಹಗಳು: ತಿದ್ದಿದ ಕೈ ಸಿಕ್ಕಿಬೀಳುವ ಜಾಗ

ಗ್ರಹಣವನ್ನು ಊರೆಲ್ಲ ನೋಡುತ್ತದೆ. ಕುಜ ಎಲ್ಲಿದ್ದಾನೆಂದು ರಾತ್ರಿ ಲೆಕ್ಕ ಇಡುವವರು ಕಚೇರಿಯವರು ಮಾತ್ರ. ಟಾಂಗ್ ಕಾನೂನಿನಲ್ಲಂತೂ ಖಗೋಳ ಉಪಕರಣ, ನಕ್ಷೆ, ಶಕುನದ ಪುಸ್ತಕಗಳನ್ನು ಖಾಸಗಿಯಾಗಿ ಇಟ್ಟುಕೊಂಡವರಿಗೆ ಎರಡು ವರ್ಷ ಕಠಿಣ ದುಡಿಮೆಯ ಶಿಕ್ಷೆ. ಅದೇ ಕಾಲದಲ್ಲಿ ಆ ರಾಜ್ಯದ ಖಗೋಳ ಕಚೇರಿಯಲ್ಲಿ ಭಾರತೀಯ ಮೂಲದ ಗೌತಮ ಸಿದ್ಧಾರ್ಥ ಇದ್ದ. ಚೀನೀಯರ ಬಾಯಲ್ಲಿ ಚ್ಯುಟಾನ್ ಷಿಡಾ. ರಾಹುವನ್ನು ಒಳಗೊಂಡ ನವಗ್ರಹ ಗಣಿತವನ್ನು 718ರಲ್ಲಿ ಚೀನೀ ಭಾಷೆಗೆ ತಂದವನು ಅವನು.

ಗ್ರಹದ ನಮೂದನ್ನು ಪರೀಕ್ಷಿಸುವ ಬಗೆಯನ್ನು ಐದನೆಯ ಶತಮಾನದ ಅಧಿಕಾರಿ ಗಾವ್ ಯುನ್ ತೋರಿಸಿಕೊಟ್ಟಿದ್ದಾನೆ. ಹಾನ್ ಮೊದಲ ವರ್ಷದ ಹತ್ತನೆಯ ತಿಂಗಳಲ್ಲಿ ಐದೂ ಗ್ರಹಗಳು ಜಿಂಗ್‌ನಲ್ಲಿ ಕೂಡಿದವು ಎಂದು ದಾಖಲೆ. ಜಿಂಗ್ ಚಿನ್ ನಾಡಿನ ಸ್ಥಾನ. ಅದೇ ತಿಂಗಳು ವಂಶಸ್ಥಾಪಕ ಲಿಯು ಬಾಂಗ್ ಚಿನ್ ನಾಡಿಗೆ ಕಾಲಿಟ್ಟಿದ್ದ. ಆಕಾಶದ ಅಪ್ಪಣೆಗೆ ಇದಕ್ಕಿಂತ ಸಾಕ್ಷಿ ಬೇಕೆ? ಗಾವ್ ಯುನ್ ಹೇಳಿದ್ದು: ಬುಧ ಶುಕ್ರರು ಸೂರ್ಯನನ್ನು ಬಿಟ್ಟು ದೂರ ಹೋಗುವುದಿಲ್ಲ, ಹತ್ತನೆಯ ತಿಂಗಳಲ್ಲಿ ಸೂರ್ಯ ವೆಯ್ ಮತ್ತು ಜಿ ಸ್ಥಾನಗಳಲ್ಲಿರುತ್ತಾನೆ, ಹಾಗಿದ್ದ ಮೇಲೆ ಅವರಿಬ್ಬರು ಜಿಂಗ್‌ಗೆ ಹೋದದ್ದು ಹೇಗೆ? ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸೂರ್ಯ ಮೂಲಾ–ಪೂರ್ವಾಷಾಢದ ಕಡೆ, ಬುಧ ಪುನರ್ವಸುವಿನ ಕಡೆ, ಹೆಚ್ಚುಕಡಿಮೆ ಎದುರುಬದುರು. ಬುಧ ಸೂರ್ಯನಿಂದ 28 ಡಿಗ್ರಿ, ಶುಕ್ರ 47 ಡಿಗ್ರಿ ದಾಟುವುದಿಲ್ಲ. ಹಿರಿಯ ಅಧಿಕಾರಿ ತ್ಸುಯಿ ಹಾವ್ ಮೊದಲು ಒಪ್ಪಲಿಲ್ಲ. ವರ್ಷ ಕಳೆದ ಮೇಲೆ ತಾನೇ ಲೆಕ್ಕ ಹಾಕಿ, ತಿಂಗಳು ತಪ್ಪಾಗಿದೆ ಎಂದು ಒಪ್ಪಿಕೊಂಡ. ಈಗಿನ ಗಣನೆಯ ಪ್ರಕಾರ ಆ ಕೂಟ ನಿಜಕ್ಕೂ ಆದದ್ದು ಕ್ರಿ.ಪೂ. 205ರ ಮೇ ತಿಂಗಳಲ್ಲಿ. ಘಟನೆ ನಿಜ, ಅದನ್ನು ಲಿಯು ಬಾಂಗ್‌ನ ಪ್ರವೇಶಕ್ಕೆ ಸರಿಹೊಂದಿಸಿದ್ದಾರೆ. ನೋಟ್‌ಬುಕ್ಕಿನಲ್ಲಿ ‘ನಿಜ’, ‘ಸುಳ್ಳು’ ಎಂಬ ಎರಡರ ಜೊತೆಗೆ ‘ಸರಿಸಿದ್ದು’ ಎಂಬ ಮೂರನೆಯ ಗುರುತೂ ಇರಲಿ.

ಎಲ್ಲಕ್ಕಿಂತ ಭಯಂಕರವೆನಿಸಿದ ಶಕುನ ‘ಯಿಂಗ್‌ಹುವೊ ಷೌ ಷಿನ್’: ಕುಜ ಷಿನ್‌ನಲ್ಲಿ ಬೀಡುಬಿಡುವುದು. ಷಿನ್‌ನ ನಡುವಿನ ದೊಡ್ಡ ಕೆಂಪು ತಾರೆ ಆಕಾಶದ ದೊರೆ, ಅಕ್ಕಪಕ್ಕದವು ಮಕ್ಕಳು. ಕುಜ ಸುಮಾರು ಎರಡು ವರ್ಷಕ್ಕೊಮ್ಮೆ ಆ ದಾರಿಯಲ್ಲಿ ಹಾದುಹೋಗುತ್ತಾನೆ. ಅದು ‘ಬೀಡು’ ಅಲ್ಲ. ವಕ್ರಗತಿಗೆ ತಿರುಗುವಾಗ ಅಥವಾ ವಕ್ರ ಬಿಡುವಾಗ ಅಲ್ಲೇ ನಿಂತರೆ ಮಾತ್ರ ‘ಷೌ’. ಷಿನ್‌ನ ಅಗಲ 5 ಡು ಅಷ್ಟೇ ಆದ್ದರಿಂದ ಇದು ಅಪರೂಪ.

ಕ್ರಿ.ಪೂ. 7ರ ವಸಂತದಲ್ಲಿ ಹೀಗಾಯಿತೆಂದು ‘ಹಾನ್ ಶು’ ಹೇಳುತ್ತದೆ. ಶಕುನದ ಭಾರವನ್ನು ಮಹಾಮಂತ್ರಿ ಹೊರಬೇಕೆಂದು ಸಲಹೆ ಬಂತು. ಚೆಂಗ್ ಚಕ್ರವರ್ತಿ ಮಹಾಮಂತ್ರಿ ಜಾಯ್ ಫಾಂಗ್‌ಜಿನ್‌ಗೆ ಒಂದು ಪತ್ರ, ಹತ್ತು ಡಾನ್ (ಆ ಕಾಲದ ಒಂದು ಅಳತೆ) ಒಳ್ಳೆಯ ಮದ್ಯ, ಒಂದು ಹೋರಿ ಕಳಿಸಿದ. ಪತ್ರದಲ್ಲಿ ರಾಜ್ಯದ ಕಷ್ಟಗಳ ಪಟ್ಟಿ, ಕೊನೆಗೆ ‘ಯೋಚಿಸಿ ನಿರ್ಧರಿಸಿ’ ಎಂಬರ್ಥದ ಮಾತು. ಆ ಉಡುಗೊರೆಯ ಅರ್ಥ ಆಸ್ಥಾನದಲ್ಲಿ ಎಲ್ಲರಿಗೂ ಗೊತ್ತಿತ್ತು. ಜಾಯ್ ಅಂದೇ ಪ್ರಾಣ ಬಿಟ್ಟ. ದೊರೆ ಕಾರಣವನ್ನು ಮುಚ್ಚಿಟ್ಟು ಅದ್ದೂರಿ ಅಂತ್ಯಕ್ರಿಯೆ ಮಾಡಿಸಿದ. ಒಂದು ತಿಂಗಳು ಕಳೆದು ಕೆಲವೇ ದಿನಕ್ಕೆ ತಾನೂ ಸತ್ತ. ಈಗ ತಂತ್ರಾಂಶದಲ್ಲಿ −6ನೆಯ ವರ್ಷದ ವಸಂತವನ್ನು ತೆರೆದು ದಿನ ದಿನ ಸರಿಸುತ್ತಾ ಹೋಗಿ. ಕುಜ ಷಿನ್‌ನಲ್ಲಿ ನಿಲ್ಲುವುದೇ ಇಲ್ಲ. ತೈವಾನಿನ ವಿದ್ವಾಂಸ ಹುವಾಂಗ್ ಯಿ-ಲಾಂಗ್ ಇಂಥ 23 ದಾಖಲೆಗಳನ್ನು ಪರಿಶೀಲಿಸಿ, 17 ಆಕಾಶದಲ್ಲಿ ಆಗಿರಲೇ ಇಲ್ಲ ಎಂದು ತೋರಿಸಿದ್ದಾರೆ. ಆಗದ ಶಕುನಕ್ಕೆ ಒಬ್ಬ ಮನುಷ್ಯ ಜೀವ ತೆತ್ತ ಎಂಬುದು ಈ ವಿಷಯದಲ್ಲಿ ಅತಿ ಭಾರವಾದ ಸಂಗತಿ. ದಿನಾಂಕದ ಲೆಕ್ಕ ಬೇಸರವಾದಾಗ ಇದನ್ನು ನೆನಪಿಸಿಕೊಳ್ಳಿ.

ಎರಡು ಗ್ರಹಣ, ನಾಲ್ಕು ಬಾಯಿ

ಆಕಾಶದ ಕೆಲಸ ಮುಗಿದ ಮೇಲೆ ಜನರ ಕೆಲಸ. ಅಭ್ಯಾಸಕ್ಕೆ ಇದೇ ಚೆಂಗ್ ಚಕ್ರವರ್ತಿಯ ಆಳ್ವಿಕೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಧಿಕಾರವೆಲ್ಲ ದೊರೆಯ ಸೋದರಮಾವ ವಾಂಗ್ ಫೆಂಗ್ ಕೈಯಲ್ಲಿತ್ತು.

ಕ್ರಿ.ಪೂ. 29ರ ಜನವರಿ 5, ವುಷೆನ್ ದಿನ, ಗ್ರಹಣ; ಅಂದೇ ರಾತ್ರಿ ಅರಮನೆಯಲ್ಲಿ ಭೂಕಂಪ. ದೊರೆ ಮುಚ್ಚುಮರೆಯಿಲ್ಲದ ಅಭಿಪ್ರಾಯ ಕೇಳಿದ. ಅಧಿಕಾರಿಗಳಾದ ಡು ಚಿನ್ ಮತ್ತು ಗು ಯೋಂಗ್ ಇಬ್ಬರೂ ತಪ್ಪು ಅಂತಃಪುರದ್ದು ಎಂದು ಬರೆದರು. ಯಿನ್ ಹೆಚ್ಚಾಗಿದೆ ಎಂಬ ಸೂತ್ರಕ್ಕೆ ಇದು ಹೊಂದುತ್ತದೆ. ಆದರೆ ಅದೇ ಸೂತ್ರ ತಾಯಿಯ ತವರಿನವರಿಗೂ ಅಷ್ಟೇ ಹೊಂದುತ್ತದಲ್ಲ? ಇಬ್ಬರ ಚರಿತ್ರೆಯನ್ನೂ ತೆರೆಯಿರಿ, 60 ಮತ್ತು 85ನೆಯ ಅಧ್ಯಾಯ: ಇಬ್ಬರೂ ವಾಂಗ್ ಫೆಂಗ್‌ನ ಆಶ್ರಯದವರು.

ಐದು ವರ್ಷಗಳ ಬಳಿಕ, ಕ್ರಿ.ಪೂ. 24ರ ಏಪ್ರಿಲ್ 7, ಡಿಂಗ್‌ವೆಯ್ ದಿನ, ಮತ್ತೊಂದು ಗ್ರಹಣ. ಮಕ್ಕಳಿಲ್ಲದ ದೊರೆ ಆಗ ತನ್ನ ತಮ್ಮ, ಡಿಂಗ್‌ಟಾವ್‌ನ ರಾಜನನ್ನು ರಾಜಧಾನಿಯಲ್ಲೇ ಇರಿಸಿಕೊಂಡಿದ್ದ. ವಾಂಗ್ ಫೆಂಗ್‌ಗೆ ಅದು ಹಿಡಿಸಿರಲಿಲ್ಲ. ಗ್ರಹಣ ಕಂಡದ್ದೇ ತಡ, ಪದ್ಧತಿ ಮೀರಿ ತಮ್ಮನನ್ನು ಇಲ್ಲಿಟ್ಟುಕೊಂಡದ್ದಕ್ಕೆ ಆಕಾಶದ ಎಚ್ಚರಿಕೆ ಇದು ಎಂದ. ಅಣ್ಣತಮ್ಮಂದಿರು ಅಳುತ್ತಾ ಬೇರೆಯಾದರು. ಆಗ ರಾಜಧಾನಿಯ ಆಡಳಿತಾಧಿಕಾರಿ ವಾಂಗ್ ಜಾಂಗ್, ತಾನು ಮೇಲೆ ಬಂದದ್ದು ವಾಂಗ್ ಫೆಂಗ್‌ನಿಂದಲೇ ಆದರೂ, ಗ್ರಹಣಕ್ಕೆ ಕಾರಣ ಅಧಿಕಾರವನ್ನೆಲ್ಲ ಬಾಚಿಕೊಂಡ ವಾಂಗ್ ಫೆಂಗ್ ಎಂದು ದೊರೆಗೆ ನೇರವಾಗಿ ಹೇಳಿದ. ದೊರೆಗೂ ಮಾತು ಹಿಡಿಸಿತು. ಬದಲಿ ಯಾರನ್ನು ಇಡೋಣ ಎಂದೂ ಕೇಳಿದ. ಸುದ್ದಿ ಹೊರಬಿತ್ತು. ವಾಂಗ್ ಫೆಂಗ್ ರಾಜೀನಾಮೆಯ ಓಲೆ ಬರೆದ, ರಾಜಮಾತೆ ಅತ್ತು ಊಟ ಬಿಟ್ಟಳು, ದೊರೆ ಹಿಂದೆ ಸರಿದ. ವಾಂಗ್ ಜಾಂಗ್ ಸೆರೆಮನೆಯಲ್ಲಿ ಸತ್ತ. ಈ ಭಾಗ 98ನೆಯ ಅಧ್ಯಾಯದಲ್ಲಿದೆ.

ಹಾಗಾಗಿ ಪ್ರತಿ ಅರ್ಥದ ಪಕ್ಕದಲ್ಲಿ ನಾಲ್ಕು ಸಂಗತಿ ಬರೆಯಿರಿ: ಹೇಳಿದವನು ಯಾರ ಕಡೆಯವನು, ಆಪಾದನೆ ಯಾರ ಮೇಲೆ, ಅದೇ ಸೂತ್ರದಿಂದ ಇನ್ಯಾರ ಮೇಲೆ ಹೊರಿಸಬಹುದಿತ್ತು, ಹೇಳಿದವನಿಗೆ ಕೊನೆಗೆ ಏನಾಯಿತು. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಿಜವಾದ ರಾಜಕೀಯ ಕಾಣುವುದು ಅಲ್ಲೇ.

ಆಜ್ಞೆಗೆ ಎಷ್ಟು ಖರ್ಚಾಯಿತು?

ಗ್ರಹಣದ ನಂತರ ದೊರೆ ‘ತಪ್ಪು ನನ್ನೊಬ್ಬನದು’ ಎಂದು ಹೇಳುವುದು ವಾಡಿಕೆಯ ಮಾತು. ಮಾತಿನಿಂದ ಕೆಳಗಿಳಿದು ಪಟ್ಟಿ ನೋಡಿ. ಕ್ರಿ.ಪೂ. 178ರ ವೆನ್‌ನ ಆಜ್ಞೆಯಲ್ಲಿ ನೇರವಾಗಿ ಮಾತಾಡಬಲ್ಲ ಯೋಗ್ಯರನ್ನು ಶಿಫಾರಸು ಮಾಡಿ ಎಂಬ ಕರೆ ಇದೆ, ಕಾವಲು ಸೇನಾನಿಯ ಪಡೆಯ ವಿಸರ್ಜನೆ ಇದೆ, ಲಾಯದಲ್ಲಿ ಬೇಕಾದಷ್ಟೇ ಕುದುರೆ ಉಳಿಸಿಕೊಂಡು ಮಿಕ್ಕವನ್ನು ಅಂಚೆ ಠಾಣೆಗಳಿಗೆ ಕೊಡುವ ಅಪ್ಪಣೆ ಇದೆ. ಸೈನ್ಯ, ಕುದುರೆ, ಹೊಸ ಮನುಷ್ಯರು: ಮೂರೂ ದೊರೆಯ ಕೈಯಿಂದ ಏನನ್ನೋ ಬಿಡಿಸುವಂಥವು. ಬಿಳಿಬಟ್ಟೆ ಉಡುವುದು, ಮುಖ್ಯ ಸಭಾಮಂಟಪ ಬಿಡುವುದು, ಸಂಗೀತ ನಿಲ್ಲಿಸುವುದು, ಊಟದ ಭಕ್ಷ್ಯ ಕಡಿಮೆ ಮಾಡುವುದು ಮಾತ್ರ ಇದ್ದರೆ ಅದು ವಿಧಿ. ಅದನ್ನೂ ಬರೆದುಕೊಳ್ಳಿ, ಆದರೆ ಬೇರೆ ಕಾಲಂನಲ್ಲಿ.

ತಪ್ಪನ್ನು ಇನ್ನೊಬ್ಬರ ಮೇಲೆ ದಾಟಿಸುವ ಕ್ರಮಕ್ಕೂ ಆರಂಭ ಇದೆ, ಅಂತ್ಯ ಇದೆ. ಉತ್ಪಾತದ ಕಾರಣಕ್ಕೆ ಮೂವರು ಮಹಾಮಂತ್ರಿಗಳಲ್ಲೊಬ್ಬನನ್ನು ವಜಾ ಮಾಡುವ ಪದ್ಧತಿ ಕ್ರಿ.ಶ. 107ರಲ್ಲಿ ಷು ಫಾಂಗ್‌ನಿಂದ ಶುರುವಾಯಿತೆಂದು ನಂತರದ ಹಾನ್ ಇತಿಹಾಸ ಹೇಳುತ್ತದೆ. 221ರ ಆಗಸ್ಟ್ 5ರ ಗ್ರಹಣಕ್ಕೆ ಅಧಿಕಾರಿಗಳು ಮತ್ತೆ ಹಾಗೇ ಮಾಡಬೇಕೆಂದಾಗ ಹಾನ್ ನಂತರದ ವೆಯ್ ರಾಜ್ಯದ ದೊರೆ ಚಾವ್ ಪಿ, ಉತ್ಪಾತ ಗದರುವುದು ತಲೆಯನ್ನು, ತಪ್ಪನ್ನು ಕೈಕಾಲಿಗೆ ಹೊರಿಸುವುದೇಕೆ ಎಂದು ಕೇಳಿ, ಇನ್ನು ಮುಂದೆ ಮಹಾಮಂತ್ರಿಗಳ ಮೇಲೆ ದೂರು ತರಬಾರದೆಂದು ಆಜ್ಞೆ ಮಾಡಿದ. ಈ ನಡುವಿನ 114 ವರ್ಷಗಳ ವಜಾಗಳನ್ನು ಓದುವಾಗ, ಉತ್ಪಾತ ಕಾರಣವಾಗಿತ್ತೋ ನೆಪವಾಗಿತ್ತೋ ಎಂದು ಪ್ರತಿ ಸಲ ವ್ಯಕ್ತಿಚರಿತ್ರೆಯಲ್ಲಿ ನೋಡಲೇಬೇಕು.

ಶುಭಶಕುನಗಳಿಗೂ ಇದೇ ಕ್ರಮ. 1054ರ ಜುಲೈನಲ್ಲಿ ವೃಷಭದಲ್ಲಿ ಹೊಳೆದ ‘ಅತಿಥಿ ನಕ್ಷತ್ರ’ 23 ದಿನ ಹಗಲಿನಲ್ಲೂ ಕಂಡಿತು. ಆಗ ಆಳುತ್ತಿದ್ದ ಸಾಂಗ್ ವಂಶದ ಆಸ್ಥಾನದ ಖಗೋಳಾಧಿಕಾರಿ ಯಾಂಗ್ ವೆಯ್‌ಡೆ ಅದು ಬಿ ಸ್ಥಾನವನ್ನು ಅತಿಕ್ರಮಿಸಿಲ್ಲ, ಪ್ರಕಾಶವಾಗಿದೆ, ರಾಜ್ಯದಲ್ಲಿ ಮಹಾಯೋಗ್ಯನಿದ್ದಾನೆ ಎಂಬುದರ ಗುರುತು ಎಂದು ವರದಿ ಮಾಡಿ, ಅಧಿಕಾರಿಗಳೆಲ್ಲ ಅಭಿನಂದಿಸಲು ಅಪ್ಪಣೆ ಬೇಡಿದ. ದಾಖಲೆ ಅದನ್ನು ಟಿಯಾನ್‌ಗುವಾನ್ ತಾರೆಯ ಆಗ್ನೇಯಕ್ಕೆ ಇಡುತ್ತದೆ. ಅದರ ಅವಶೇಷವಾದ ಏಡಿ ನೀಹಾರಿಕೆ ಇರುವುದು ವಾಯವ್ಯಕ್ಕೆ. ನಿಜವಾದ ಘಟನೆಯಲ್ಲೂ ದಿಕ್ಕು ತಪ್ಪಬಹುದು.

ವರದಿ ಬರೆದ ಕಚೇರಿ

ಸುಳ್ಳು ವರದಿ ತಡೆಯಲು ಸಾಂಗ್ ಆಡಳಿತ ಎರಡು ವೀಕ್ಷಣಾಲಯ ಇಟ್ಟಿತ್ತು, ಒಂದು ಅರಮನೆಯೊಳಗೆ, ಒಂದು ಹೊರಗೆ. ರಾತ್ರಿ ಕಂಡದ್ದನ್ನು ಒಳಗಿನವರು ಅರಮನೆಯ ಬಾಗಿಲು ತೆರೆಯುವ ಮೊದಲೇ ಒಪ್ಪಿಸಬೇಕು. ಬಾಗಿಲು ತೆರೆದ ಮೇಲೆ ಹೊರಗಿನವರ ವರದಿ ಬರುತ್ತದೆ. ಎರಡನ್ನೂ ತಾಳೆ ನೋಡಬೇಕು. ವ್ಯವಸ್ಥೆ ಅಚ್ಚುಕಟ್ಟು. ಆದರೆ ಖಗೋಳ ಕಚೇರಿಯ ಮುಖ್ಯಸ್ಥನಾಗಿ ಬಂದ ಷೆನ್ ಕುವೊ ಕಂಡದ್ದೇನೆಂದರೆ, ಎರಡೂ ಕಡೆಯವರು ಗುಟ್ಟಾಗಿ ಮಾತಾಡಿಕೊಂಡು ಒಂದೇ ವರದಿ ಬರೆಯುತ್ತಿದ್ದರು. ಗ್ರಹಗಳ ಸ್ಥಾನವನ್ನು ನೋಡದೆ ಪಂಚಾಂಗದಿಂದ ನಕಲು ಮಾಡುತ್ತಿದ್ದರು. ಆರು ಜನರನ್ನು ವಜಾ ಮಾಡಿದ. ಸ್ವಲ್ಪ ಕಾಲದಲ್ಲೇ ಹಳೆಯ ಚಾಳಿ ಮರಳಿತು ಎಂದೂ ಅವನೇ ಬರೆದಿಟ್ಟಿದ್ದಾನೆ. ಆದ್ದರಿಂದ ಎರಡು ದಾಖಲೆಗಳು ಅಕ್ಷರಶಃ ಒಂದೇ ಆಗಿದ್ದರೆ ಅವನ್ನು ಎರಡು ಸಾಕ್ಷಿ ಎಂದು ಎಣಿಸಬೇಡಿ.

ಮೌನವನ್ನೂ ಎಣಿಸಿ. ಒಂದು ಆಳ್ವಿಕೆಯಲ್ಲಿ ರಾಜಧಾನಿಗೆ ಕಾಣಬೇಕಿದ್ದ ಗ್ರಹಣಗಳ ಪಟ್ಟಿ ಮಾಡಿ, ದಾಖಲೆಯಲ್ಲಿರುವುದನ್ನು ಹೊಡೆದು ಹಾಕಿ, ಉಳಿದದ್ದನ್ನು ನೋಡಿ. ಸೂರ್ಯನ ಅಂಚು ಮಾತ್ರ ಕಚ್ಚಿದ ಸಣ್ಣ ಖಂಡಗ್ರಾಸ ನಡುಹಗಲಿನಲ್ಲಿ ಯಾರಿಗೂ ಕಾಣುವುದಿಲ್ಲ, ಮೋಡವೂ ಇರುತ್ತದೆ, ಅವನ್ನು ಬಿಡಿ. ದೊಡ್ಡ ಗ್ರಹಣಗಳೇ ಸಾಲಾಗಿ ಕಾಣೆಯಾಗಿದ್ದರೆ ಆಗ ಯಾರಿಗೂ ದೂರುವ ಮನಸ್ಸಿರಲಿಲ್ಲವೋ ಧೈರ್ಯವಿರಲಿಲ್ಲವೋ ಎಂದು ಕೇಳಬಹುದು. ಧೂಮಕೇತು, ಸೂರ್ಯನ ಸುತ್ತಿನ ವರ್ತುಲ, ಬಣ್ಣದ ಆವಿಗಳಂಥವಕ್ಕೆ ಈ ಪರೀಕ್ಷೆ ನಡೆಯದು, ಕ್ರಿ.ಪೂ. 12ರ ಹ್ಯಾಲಿಯಂಥ, ಮತ್ತೆ ಮತ್ತೆ ಬರುವ ಧೂಮಕೇತು ಮಾತ್ರ ಇದಕ್ಕೆ ಹೊರತು.

ಮೊದಲ ಅಭ್ಯಾಸಕ್ಕೆ ಕ್ರಿ.ಪೂ. 181ರ ಮಾರ್ಚ್ 4ನ್ನು ತೆಗೆದುಕೊಳ್ಳಿ. ದಿನದ ಸಂಖ್ಯೆ 1655376. ಲೆಕ್ಕ ಹಾಕಿದರೆ 26 ಬರಬೇಕು, ಜಿಚೌ. ತಂತ್ರಾಂಶದಲ್ಲಿ −180 ಹಾಕಿ, ಚಾಂಗ್‌ಆನ್‌ನಲ್ಲಿ ನಿಂತು ನೋಡಿ: ಹಗಲು ಕತ್ತಲಾಗುತ್ತದೆ. ‘ಷಿಜಿ’ಯೂ ಹಗಲೇ ಕತ್ತಲಾಯಿತು ಎನ್ನುತ್ತದೆ. ಆಗ ಸಿಂಹಾಸನದ ಹಿಂದೆ ನಿಂತು ಆಳುತ್ತಿದ್ದವಳು ರಾಜಮಾತೆ ಲ್ಯು, ಯಿನ್ ಎಂಬ ಮಾತಿಗೆ ಜೀವಂತ ಉದಾಹರಣೆ. ಅರ್ಥ ಹೇಳಿದವರ ಕಾಲಂನಲ್ಲಿ ಈ ಬಾರಿ ಯಾವ ಪಂಡಿತನ ಹೆಸರೂ ಬರೆಯಬೇಕಿಲ್ಲ. ಸುತ್ತ ನಿಂತವರ ಕಡೆ ತಿರುಗಿ ಅವಳೇ ಹೇಳಿದಳು: ‘ಇದು ನನಗಾಗಿ.’